ಅಜ್ಜನನ್ನು ಗಾಂಧೀಜಿಯ ‘ಹಿಂಬಾಲಕ’ ಅನ್ನಬೇಕೋ, ‘ಅನುಯಾಯಿ’ ಅನ್ನಬೇಕೋ?

ಹಾವೇರಿ ಮೊಮ್ಮಗಳು
ಎಲ್ಲರಿಗೂ ನಮಸ್ಕಾರ. ಒಂದು ಪದದ ಸಲುವಾಗಿ ಮನೆಯಲ್ಲಿ ಜಗಳ ಹತ್ತಿದೆ. ತಿಳಿದವರು ಬಿಡಿಸಿ ಹೇಳಿ.

ನಮ್ಮ ಅಜ್ಜ ಹುಟ್ಟಿ ಈ ವರ್ಷಕ್ಕೆ ನೂರು ವರ್ಷ. ಮನೆಯವರೆಲ್ಲ ಸೇರಿ ನೆನಪಿನ ಪುಸ್ತಕ ಮಾಡಿಸುತ್ತಿದ್ದೇವೆ. ಡಿಟಿಪಿ ಮಾಡಿದವರು ಕಳಿಸಿದ ಕರಡಿನ ಮೊದಲ ಪುಟದಲ್ಲೇ ಹೀಗಿದೆ: "ಶ್ರೀಯುತರು ಮಹಾತ್ಮ ಗಾಂಧೀಜಿಯವರ ಹಿಂಬಾಲಕರಾಗಿದ್ದರು." ಕಾಕಾ ಅದನ್ನು ಓದಿದವರೇ ಸಿಟ್ಟಾದರು. "ನಮ್ಮಪ್ಪ ಯಾರ ಬಾಲಾನೂ ಹಿಡಿದವನಲ್ಲ" ಅಂದರು. ಅತ್ತೆ "ಹಿಂಬಾಲಕ, ಅನುಯಾಯಿ ಎರಡೂ ಒಂದೇ, ಸುಮ್ನೆ ಯಾಕೆ ತಕರಾರು" ಅನ್ನುತ್ತಾರೆ. ತಮ್ಮ ‘ಅಭಿಮಾನಿ’ ಅಂತ ಹಾಕಿ ಮುಗಿಸೋಣ ಅಂತಾನೆ.

ಮುಂದಿನ ವಾರ ಅಚ್ಚಿಗೆ ಹೋಗಬೇಕು. ಯಾವುದು ಸರಿ?

ಬ್ಯಾಡಗಿ ಕೆಂಪು
ಅನುಯಾಯಿ. ಎರಡನೇ ಮಾತೇ ಇಲ್ಲ.

ಉಣಕಲ್ ಕೆರೆ
ಅತ್ತೆ ಹೇಳಿದ್ದೇ ಸರಿ. ನಿಘಂಟು ತೆಗೆದರೆ ಒಂದರ ಅರ್ಥಕ್ಕೆ ಇನ್ನೊಂದನ್ನು ಕೊಟ್ಟಿರುತ್ತಾರೆ. ಎರಡಕ್ಕೂ ಹಿಂದೆ ಹೋಗುವವನು ಅಂತಲೇ ಅರ್ಥ.

ಪ್ರೂಫ್ ಕಾಕಾ
ಉಣಕಲ್ ಅವರೇ, ನಿಘಂಟಿನಲ್ಲಿ ಒಂದೇ ಸಾಲಿನಲ್ಲಿ ಕೂತ ಪದಗಳು ಬೀದಿಗೆ ಬಂದರೆ ಬೇರೆ ಬೇರೆ ದಾರಿ ಹಿಡಿಯುತ್ತವೆ. ಧಾರವಾಡದಲ್ಲಿ ಕೂತು ಕರಡು ತಿದ್ದುವುದೇ ನನ್ನ ಕೆಲಸ, ಅದಕ್ಕೇ ಹೇಳುತ್ತೇನೆ.

ಪತ್ರಿಕೆಯಲ್ಲಿ ‘ಹಿಂಬಾಲಿಸು’ ಎಲ್ಲಿ ಬರುತ್ತದೆ ನೋಡಿ. "ಬೈಕ್‌ನಲ್ಲಿ ಹಿಂಬಾಲಿಸಿ ಬಂದು ಸರ ಕಿತ್ತುಕೊಂಡು ಪರಾರಿ." "ಯುವತಿಯನ್ನು ಹಿಂಬಾಲಿಸುತ್ತಿದ್ದವನ ಬಂಧನ." ಇನ್ನು ‘ಹಿಂಬಾಲಕರು’ ಬರುವುದು ಚುನಾವಣೆ ಹೊತ್ತಿಗೆ. ಮುಖಂಡರು ಪಕ್ಷ ಬಿಟ್ಟರು, ಜೊತೆಗೆ ಹಿಂಬಾಲಕರೂ ಬಿಟ್ಟರು ಅಂತ. ಇವರಿಗೆ ಸ್ವಂತ ವಿಚಾರ ಇಲ್ಲ, ನಾಯಕ ಎಲ್ಲಿಗೋ ಅಲ್ಲಿಗೆ, ಅನ್ನೋದು ಆ ಪದದಲ್ಲೇ ಕೇಳಿಸುತ್ತದೆ. ಕಾಕಾ ಅವರ ಸಿಟ್ಟು ನ್ಯಾಯವಾದದ್ದು.

‘ಅನುಯಾಯಿ’ಗೆ ಆ ವಾಸನೆ ಇಲ್ಲ. ಬುದ್ಧನ ಅನುಯಾಯಿ, ಯೇಸುವಿನ ಅನುಯಾಯಿ, ಬಸವಣ್ಣನವರ ಅನುಯಾಯಿ ಅಂತ ಶಾಲೆಯ ಪುಸ್ತಕದಿಂದಲೂ ಓದುತ್ತಾ ಬಂದಿದ್ದೇವೆ. ಆ ಜಾಗದಲ್ಲಿ ‘ಬುದ್ಧನ ಹಿಂಬಾಲಕರು’ ಅಂತ ಹಾಕಿ ಓದಿ ನೋಡಿ. ಕಿವಿಗೆ ಚುಚ್ಚುತ್ತದೆ, ಅಲ್ವಾ?

ಬ್ಯಾಡಗಿ ಕೆಂಪು
ಇದನ್ನೇ ನಾನು ಒಂದು ಸಾಲಿನಲ್ಲಿ ಹೇಳಿದ್ದೆ.

ಉಣಕಲ್ ಕೆರೆ
ಚುಚ್ಚುವುದು ರೂಢಿಯಿಂದ. ನಾಳೆಯಿಂದ ಎಲ್ಲರೂ ಗೌರವದಿಂದ ‘ಹಿಂಬಾಲಕ’ ಅನ್ನೋಕೆ ಶುರು ಮಾಡಿದರೆ ಅದೂ ಒಳ್ಳೆ ಪದವಾಗುತ್ತದೆ.

ಪ್ರೂಫ್ ಕಾಕಾ
ನಾಳೆ ಆಗಲಿ. ಪುಸ್ತಕ ಅಚ್ಚಿಗೆ ಹೋಗೋದು ಮುಂದಿನ ವಾರ.

ನವಲಗುಂದ ಹೊಲ
ಹಿಂಬಾಲಕ ಅಂದ್ರೆ ಬಾಲ ಹಿಡಿದವನು ಅಂತಾನಾ? ಬಾಲಂಗೋಚಿ ಅಂತೀವಲ್ಲ, ಹಾಗೆ?

ಕನ್ನಡ ಸಾಲಿ ಮೇಡಂ
ಬಾಲಂಗೋಚಿ ಅಂದರೆ ಗಾಳಿಪಟಕ್ಕೆ ಕಟ್ಟುವ ಉದ್ದನೆಯ ಚಿಂದಿ. ದೊಡ್ಡವರ ಹಿಂದೆ ಜೋತುಬಿದ್ದವರಿಗೆ ಆಡುಮಾತಿನಲ್ಲಿ ಆ ಹೆಸರು ಬಂತು. ‘ಹಿಂಬಾಲಿಸು’ ಒಳಗೆ ಪ್ರಾಣಿಯ ಬಾಲ ಹುಡುಕುವುದು ಬೇಡ. ಆದರೆ ಕೇಳುವವರ ಕಿವಿಗೆ ಬಾಲವೇ ಕೇಳಿಸುತ್ತದೆ, ಅದಂತೂ ನಿಜ. ಅದಕ್ಕೇ ನಾನು ಮಕ್ಕಳಿಗೆ ದೊಡ್ಡವರ ಬಗ್ಗೆ ಬರೆಯುವಾಗ ಆ ಪದ ಬಳಸಬೇಡಿ ಅನ್ನುತ್ತೇನೆ.

‘ಅನುಯಾಯಿ’ಯನ್ನು ಒಡೆದು ನೋಡಿದರೆ ಚೆನ್ನಾಗಿದೆ. ‘ಅನು’ ಅಂದರೆ ಹಿಂದೆ. ‘ಯಾ’ ಅನ್ನುವುದು ಹೋಗು ಅನ್ನೋ ಅರ್ಥದ ಧಾತು. ಯಾನ, ಯಾತ್ರೆ, ಪ್ರಯಾಣ ಎಲ್ಲ ಅದೇ ಧಾತುವಿನಿಂದ ಬಂದವು. ಅಂದರೆ ಅನುಯಾಯಿ ಸುಮ್ಮನೆ ಮೆಚ್ಚಿಕೊಂಡವನಲ್ಲ, ಎದ್ದು ನಡೆದವನು. ‘ಅಭಿಮಾನಿ’ ಯಾಕೆ ಸಾಲದು ಅನ್ನೋದಕ್ಕೂ ಇದೇ ಉತ್ತರ. ಅಭಿಮಾನಿ ಕೂತಲ್ಲೇ ಕೂತು ಚಪ್ಪಾಳೆ ತಟ್ಟಬಹುದು.

ಇನ್ನೊಂದು ಮಾತು, ಬಳಕೆಯದು. ಮನುಷ್ಯರನ್ನು ‘ಹಿಂಬಾಲಿಸು’ತ್ತೇವೆ, ಮಾತನ್ನು, ದಾರಿಯನ್ನು ‘ಅನುಸರಿಸು’ತ್ತೇವೆ. "ವೈದ್ಯರ ಸಲಹೆ ಹಿಂಬಾಲಿಸಿ" ಅಂತ ಯಾರೂ ಹೇಳುವುದಿಲ್ಲ. ಅನುಯಾಯಿ ಇವೆರಡರ ನಡುವೆ ನಿಲ್ಲುತ್ತಾನೆ. ಮನುಷ್ಯನ ಹೆಸರು ಹಿಡಿದು ಅವನ ದಾರಿಯಲ್ಲಿ ಹೋಗುವವನು.

ಸಪ್ತಾಪುರ ಓದುಗ
ಯಾರೂ ಹೇಳದ ಒಂದು ಅರ್ಥ ಇದೆ. ರಾಜ್ಯದ ಮೀಸಲು ಪೊಲೀಸ್ ಪಡೆಯಾದ ಕೆಎಸ್‌ಆರ್‌ಪಿಯಲ್ಲಿ ‘ಅನುಯಾಯಿ’ ಅಂತ ಒಂದು ಹುದ್ದೆಯೇ ಇದೆ! ನೇಮಕಾತಿ ಅಧಿಸೂಚನೆಯಲ್ಲಿ ಕನ್ನಡದಲ್ಲೇ ಹಾಗೆ ಬರೆದಿರುತ್ತಾರೆ. ನಮ್ಮ ರೂಮಿನ ಹುಡುಗರು ಮೊದಲ ಸಲ ನೋಡಿದಾಗ ಯಾರ ಅನುಯಾಯಿ ಅಂತ ತಲೆ ಕೆಡಿಸಿಕೊಂಡಿದ್ದರು.

ನವಲಗುಂದ ಹೊಲ
ನಿಜಾನಾ? ಏನು ಕೆಲಸ ಅದು?

ಸಪ್ತಾಪುರ ಓದುಗ
ಪೊಲೀಸ್ ಪಡೆಗೆ ಅಡುಗೆ ಮಾಡುವುದು, ಬಟ್ಟೆ ಒಗೆಯುವುದು, ಕ್ಷೌರ, ಸ್ವಚ್ಛತೆ, ಇಂಥ ಕೆಲಸಗಳು. ಬ್ರಿಟಿಷರ ಕಾಲದಲ್ಲಿ ದಂಡು ಹೋದಲ್ಲೆಲ್ಲ ಅಡುಗೆಯವರು, ಅಗಸರು, ನೀರು ಹೊರುವವರು ಹಿಂದೆ ಹೋಗುತ್ತಿದ್ದರು. ಅವರನ್ನು ಫಾಲೋವರ್ ಅನ್ನುತ್ತಿದ್ದರು. ಆ ಹೆಸರೇ ಪೊಲೀಸ್ ಇಲಾಖೆಯಲ್ಲಿ ಉಳಿಯಿತು, ಕನ್ನಡಕ್ಕೆ ಬರುವಾಗ ಅನುಯಾಯಿ ಆಯಿತು.

ಪ್ರೂಫ್ ಕಾಕಾ
ಒಳ್ಳೆಯ ಉದಾಹರಣೆ. ಆದರೆ ಅದು ಇಂಗ್ಲಿಷ್ ಪದವನ್ನು ತಂದು ಹಾಗೇ ಕೂರಿಸಿದ್ದು. ಅಲ್ಲಿ ‘ಪಡೆ ಸಹಾಯಕ’ ಅಂದಿದ್ದರೆ ಕೆಲಸಕ್ಕೂ ಹೊಂದುತ್ತಿತ್ತು, ಕೆಲಸ ಮಾಡುವವರಿಗೂ ಮರ್ಯಾದೆ ಇರುತ್ತಿತ್ತು.

ಸಪ್ತಾಪುರ ಓದುಗ
ಸರ್, ಮರ್ಯಾದೆ ಹೆಸರಿನಿಂದ ಬರಲ್ಲ. ಬಂದೋಬಸ್ತಿಗೆ ಹೋದಾಗ ಸಾವಿರ ಮಂದಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕೋದು ಸಣ್ಣ ಕೆಲಸ ಅಲ್ಲ. ನನ್ನ ಗೆಳೆಯನೊಬ್ಬ ಆ ಹುದ್ದೆಯಲ್ಲಿದ್ದಾನೆ. "ನಾನು ಅನುಯಾಯಿ" ಅಂತ ಎದೆ ತಟ್ಟಿ ಹೇಳುತ್ತಾನೆ.

ಪ್ರೂಫ್ ಕಾಕಾ
ಅವರ ಕೆಲಸದ ಬಗ್ಗೆ ನನಗೂ ಅಷ್ಟೇ ಗೌರವ ಇದೆ. ಅದಕ್ಕೇ ಇನ್ನೂ ಒಳ್ಳೆಯ ಹೆಸರು ಸಿಗಲಿ ಅಂದೆ.

ಕುಂದಗೋಳ ತಂಬೂರಿ
ನಮ್ಮ ಸಂಗೀತದ ಕಡೆ ಈ ಪದಗಳನ್ನು ಬಹಳ ಜೋಪಾನವಾಗಿ ಬಳಸುತ್ತಾರೆ. ಇದನ್ನು ಹೇಳಲೇಬೇಕು.

ಗುರುವಿನ ಮುಂದೆ ಕೂತು ಕಲಿತವರು ಶಿಷ್ಯರು. ಘರಾಣೆ ಅಂದರೆ ಹಿಂದೂಸ್ತಾನಿ ಗಾಯನದ ಒಂದು ಪರಂಪರೆ. ಅದರ ಗಾಯನ ಕೇಳಿ, ಆ ರೀತಿ ಹಾಡುವವರನ್ನು ‘ಕಿರಾಣಾ ಘರಾಣೆಯ ಅನುಯಾಯಿ’ ಅನ್ನಬಹುದು, ಆದರೆ ಇಂಥವರ ಶಿಷ್ಯ ಅಂದರೆ ಹಿರಿಯರು ಒಪ್ಪುವುದಿಲ್ಲ. ಎಷ್ಟು ವರ್ಷ ಕಲಿತಿರಿ, ಏನು ಕಲಿತಿರಿ ಅಂತ ಕೇಳೇ ಕೇಳುತ್ತಾರೆ. ಸವಾಯಿ ಗಂಧರ್ವರು ಅಬ್ದುಲ್ ಕರೀಂ ಖಾನರ ಶಿಷ್ಯರು. ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರ ಶಿಷ್ಯೆ. ಪಾಠಕ್ಕಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಬರುತ್ತಿದ್ದರು. ಭೀಮಸೇನ ಜೋಶಿಯವರು ಅದೇ ಗುರುವಿನ ಮನೆಯಲ್ಲಿದ್ದು ಸೇವೆ ಮಾಡಿ ಕಲಿತರು. ಇವರನ್ನೆಲ್ಲ ‘ಅನುಯಾಯಿ’ ಅಂದರೆ ಅವರ ಸಾಧನೆಯನ್ನೇ ಕಡಿಮೆ ಮಾಡಿದಂತೆ.

ಧ್ವನಿಮುದ್ರಿಕೆ ಕೇಳಿಯೇ ಕಲಿತವರಿಗೆ ‘ಏಕಲವ್ಯ ಶಿಷ್ಯ’ ಅಂತ ಒಂದು ಮಾತಿದೆ. ಅದರಲ್ಲಿ ಪ್ರೀತಿ ಇದೆ, ಆದರೆ ಗಡಿಯೂ ಇದೆ.

ಗದಗ ಬೆಟಗೇರಿ
ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲೂ ಹಾಗೇ. ಪುಟ್ಟರಾಜ ಗವಾಯಿಗಳು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಆಶ್ರಮದಲ್ಲಿದ್ದು ಹಾಡಲು, ಬಾರಿಸಲು ಕಲಿತ ಅಂಧ ಮಕ್ಕಳು ಶಿಷ್ಯರು. ಜಾತ್ರೆಗೆ ಬಂದು ಪ್ರಸಾದ ತಗೊಂಡು ಹೋಗುವ ನಾವೆಲ್ಲ ಭಕ್ತರು. ಕರಪತ್ರದಲ್ಲೂ ‘ಸಕಲ ಸದ್ಭಕ್ತರು’ ಅಂತಲೇ ಇರುತ್ತದೆ. ಹುಬ್ಬಳ್ಳಿ ಸಿದ್ಧಾರೂಢ ಮಠಕ್ಕೆ ಹೋದರೂ ಭಕ್ತರೇ. ಯಾವ ಮಠದವರೂ ‘ಸಕಲ ಅನುಯಾಯಿಗಳು ಆಗಮಿಸಬೇಕು’ ಅಂತ ಅಚ್ಚು ಹಾಕಿಸಿದ್ದನ್ನು ನಾನು ಕಂಡಿಲ್ಲ.

ಲಕ್ಕುಂಡಿ ಬಸದಿ ನೋಡಲು ಬಂದವರಿಗೆ ನಾನು ಒಂದು ಮಾತು ಹೇಳುತ್ತಿರುತ್ತೇನೆ. ಜಿನನ ದಾರಿ ಹಿಡಿದವರು ಜೈನರು. ಸಂಸ್ಕೃತದಲ್ಲಿ ಮೊದಲ ಸ್ವರ ಹಿಗ್ಗಿಸಿದರೆ ಸಾಕು, ಅನುಯಾಯಿ ಅನ್ನೋ ಅರ್ಥ ಬಂದುಬಿಡುತ್ತದೆ. ಬುದ್ಧ ಬೌದ್ಧ, ಶಿವ ಶೈವ, ವಿಷ್ಣು ವೈಷ್ಣವ.

ನವಲಗುಂದ ಹೊಲ
ಹಾಗಾದ್ರೆ ಗಾಂಧಿಗೆ ‘ಗಾಂಧ’ ಅನ್ನೋಣವಾ 😀

ಕನ್ನಡ ಸಾಲಿ ಮೇಡಂ
ಹಾಗೆ ಯಾರೂ ಬಳಸಿಲ್ಲ. ಸಂಧಿ ಮಾಡಿದರೆ ಗಾಂಧಿ + ಅನುಯಾಯಿ ‘ಗಾಂಧ್ಯನುಯಾಯಿ’ ಆಗುತ್ತದೆ, ಯಣ್ ಸಂಧಿ. ವ್ಯಾಕರಣಕ್ಕೆ ಸರಿ, ಓದೋಕೆ ಕಷ್ಟ. ‘ಬಸವಾನುಯಾಯಿ’ ಮಾತ್ರ ಸಲೀಸಾಗಿ ಬಳಕೆಗೆ ಬಂದಿದೆ. ಗಾಂಧೀಜಿಗೆ ‘ಗಾಂಧೀಜಿಯವರ ಅನುಯಾಯಿ’ ಅಂತ ಬಿಡಿಸಿಯೇ ಬರೆಯಿರಿ.

ಉಣಕಲ್ ಕೆರೆ
‘ಗಾಂಧೀವಾದಿ’ ಅಂತ ಸಿದ್ಧ ಪದ ಇದೆಯಲ್ಲ. ಎಲ್ಲ ಪತ್ರಿಕೆಗಳೂ ಅದನ್ನೇ ಬರೆಯುತ್ತವೆ.

ಹಾವೇರಿ ಮೊಮ್ಮಗಳು
ಅದನ್ನೂ ಕಾಕಾಗೆ ಹೇಳಿ ನೋಡಿದೆವು. "ವಾದಿ ಅಂದ್ರ ಕೋರ್ಟಿನಾಗ ಇರತಾನ, ನಮ್ಮಪ್ಪ ಒಂದಿನಾನೂ ವಾದ ಮಾಡಿಲ್ಲ" ಅಂದರು. ಅದು ನಿಜವೇ. ಅಜ್ಜ ಭಾಷಣ ಮಾಡಿದ್ದನ್ನು ನಾನು ಕೇಳಿಲ್ಲ. ಗಾಂಧೀಜಿ ಹೆಸರು ಎತ್ತಿದ್ದೂ ಕಡಿಮೆ.

ಸಂಜೆ ಕಟ್ಟೆ ಮೇಲೆ ಕೂತು ತಕಲಿ, ಅಂದರೆ ನೂಲುವ ಕದಿರು, ತಿರುಗಿಸುತ್ತಿದ್ದರು. ಎಡಗೈಯಲ್ಲಿ ಹತ್ತಿಯ ಹಂಜಿ, ಬಲಗೈಯಲ್ಲಿ ತಕಲಿ. ತಕಲಿ ತಿರುವಿ ಬಿಟ್ಟು, ಹಂಜಿ ಹಿಡಿದ ಕೈ ಮೆಲ್ಲಗೆ ಮೇಲೆ ಎತ್ತುತ್ತಿದ್ದರು. ನೂಲು ಎಳೆ ಎಳೆಯಾಗಿ ಹೊರಗೆ ಬರುತ್ತಿತ್ತು. ಕಡಿದರೆ ಒಂದು ಚೂರೂ ಬೇಸರ ಮಾಡದೆ ಎರಡು ತುದಿ ಸೇರಿಸಿ ಬೆರಳಲ್ಲಿ ಹೊಸೆದು ಮತ್ತೆ ಶುರು. ನೂಲನ್ನು ಲಡಿ ಕಟ್ಟಿ ಖಾದಿ ಭಂಡಾರಕ್ಕೆ ಕೊಟ್ಟು ಧೋತರ ತರುತ್ತಿದ್ದರು. ಮೊಮ್ಮಕ್ಕಳಿಗೆ ನೂಲು ಅಂತ ಒತ್ತಾಯ ಮಾಡಲಿಲ್ಲ. ಪಕ್ಕದಲ್ಲಿ ಕೂತರೆ ಒಂದು ಹಂಜಿ ಕೈಗೆ ಕೊಡುತ್ತಿದ್ದರು, ಅಷ್ಟೇ.

ಗದಗ ಬೆಟಗೇರಿ
ತಂಗೀ, ನೀವು ಈಗ ಬರೆದ ಈ ನಾಲ್ಕು ಸಾಲನ್ನೇ ಮೊದಲ ಪುಟಕ್ಕೆ ಹಾಕಿ. ನಮ್ಮ ಓಣಿಯ ನೇಕಾರರ ಮನೆಗಳಲ್ಲೂ ಹೀಗೇ ಇತ್ತು. ಕೈಯೇ ಮಾತಾಡುತ್ತಿತ್ತು.

ಬ್ಯಾಡಗಿ ಕೆಂಪು
ಹೌದು, ಇದನ್ನೇ ಹಾಕಿ. ಅನುಯಾಯಿ ಅನ್ನೋದು ಆಮೇಲೆ ಬರಲಿ.

ಗರಗದ ಹುಡುಗ
ಖಾದಿ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ರಾಷ್ಟ್ರಧ್ವಜದ ಬಟ್ಟೆ ನೇಯುವ ಊರು ನಮ್ಮದು, ಧಾರವಾಡ ತಾಲೂಕಿನ ಗರಗ. ನೂಲುವವರಲ್ಲಿ, ನೇಯುವವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಅವರನ್ನು ಯಾರೂ ಗಾಂಧಿ ಅನುಯಾಯಿಗಳು ಅನ್ನೋದಿಲ್ಲ, ಕೂಲಿಯವರು ಅಂತಾರೆ. ಇದು ನನಗೆ ಸರಿ ಅನಿಸುವುದಿಲ್ಲ. ಬೆಳಗಿನಿಂದ ಸಂಜೆಯ ತನಕ ಮಗ್ಗದ ಮುಂದೆ ಕೂತವರಿಗೆ ಆ ಪದ ಸಲ್ಲದಿದ್ದರೆ, ಅಕ್ಟೋಬರ್ 2ಕ್ಕೆ ಮಾತ್ರ ಖಾದಿ ತೊಟ್ಟವರಿಗೆ ಹೇಗೆ ಸಲ್ಲುತ್ತದೆ?

ಉಣಕಲ್ ಕೆರೆ
ಭಾವನೆ ಸರಿ ಇದೆ ತಮ್ಮಾ, ಆದರೆ ಸಂಬಳಕ್ಕೆ ಕೆಲಸ ಮಾಡುವವರು ಅನುಯಾಯಿ ಹೇಗಾಗುತ್ತಾರೆ? ಒಪ್ಪಿ ನಡೆದವರು ಮಾತ್ರ ಅನುಯಾಯಿ. ಮನಸ್ಸು ಬೇಕು.

ಗರಗದ ಹುಡುಗ
ಅವರಿಗೆ ಮನಸ್ಸಿಲ್ಲ ಅಂತ ನಿಮಗೆ ಯಾರು ಹೇಳಿದರು? ಧ್ವಜದ ಬಟ್ಟೆಯಲ್ಲಿ ಒಂದು ಎಳೆ ತಪ್ಪಿದರೆ ಅವರು ಎಷ್ಟು ನೊಂದುಕೊಳ್ಳುತ್ತಾರೆ ಅಂತ ಒಮ್ಮೆ ಬಂದು ನೋಡಿ.

ಉಣಕಲ್ ಕೆರೆ
ಖಂಡಿತ ಬರುತ್ತೇನೆ. ಸಂಬಳಕ್ಕೂ ಮನಸ್ಸಿಗೂ ವ್ಯತ್ಯಾಸ ಇದೆ ಅನ್ನೋದು ಮಾತ್ರ ನನ್ನ ಮಾತು.

ವರದಾ ದಂಡೆ
ಹಾವೇರಿಯವರು ಕೇಳಿದ ಪ್ರಶ್ನೆಗೆ ಹಾವೇರಿಯಲ್ಲೇ ಉತ್ತರ ಇದೆ. ಇಷ್ಟು ಹೊತ್ತಾದರೂ ಯಾರೂ ಮೈಲಾರ ಮಹಾದೇವಪ್ಪನವರ ಹೆಸರು ಎತ್ತಲಿಲ್ಲ!

1911ರಲ್ಲಿ ಮೋಟೆಬೆನ್ನೂರಿನಲ್ಲಿ ಹುಟ್ಟಿದವರು. 1930ರ ಮಾರ್ಚ್ 12ರಂದು ಗಾಂಧೀಜಿ ಉಪ್ಪಿನ ಸತ್ಯಾಗ್ರಹಕ್ಕೆ ಸಾಬರಮತಿಯಿಂದ ಹೊರಟಾಗ ಜೊತೆಗೆ ನಡೆಯಲು ಆರಿಸಿದ್ದ ತಂಡದಲ್ಲಿ ಕರ್ನಾಟಕದಿಂದ ಇದ್ದವರು ಇವರೊಬ್ಬರೇ. ಆಗಿನ್ನೂ 18ರ ಹರೆಯ. ದಂಡಿಯವರೆಗೆ ಸುಮಾರು 385 ಕಿಲೋಮೀಟರ್, ಕಾಲ್ನಡಿಗೆ. ಏಪ್ರಿಲ್ 6ಕ್ಕೆ ಉಪ್ಪು ಎತ್ತಿದ್ದು.

ಮೇಡಂ ಧಾತು ಬಿಡಿಸಿ ಹೇಳಿದರಲ್ಲ, ಹಿಂದೆ ನಡೆದವನು ಅಂತ. ಈ ಹುಡುಗ ಅಕ್ಷರಶಃ ಹಿಂದೆ ನಡೆದ. ಊರಿಗೆ ಬಂದ ಮೇಲೂ ಸುಮ್ಮನೆ ಕೂರಲಿಲ್ಲ, ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿದರು. ಪತ್ನಿ ಸಿದ್ಧಮ್ಮನವರೂ ಚಳವಳಿಗೆ ಇಳಿದು ಜೈಲು ಕಂಡವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಮಹಾದೇವಪ್ಪ ಬಲಿಯಾದರು. ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಕೂಡ ಅವರ ಜೊತೆ ಹುತಾತ್ಮರಾದರು.

ಉಣಕಲ್ ಕೆರೆ
ಗೌರವದಿಂದಲೇ ಕೇಳುತ್ತೇನೆ. ಹೊಸರಿತ್ತಿಯಲ್ಲಿ ಅವರು ಹೋಗಿದ್ದು ಕಂದಾಯದ ಹಣ ಇಟ್ಟಿದ್ದ ಜಾಗಕ್ಕೆ, ಪೊಲೀಸ್ ಕಾವಲು ಇದ್ದಲ್ಲಿಗೆ, ದಾಳಿ ಮಾಡಲು. ಅದು ಗಾಂಧೀಜಿಯ ದಾರಿಯಾ? ಹಾಗಾದರೆ ಆ ಹೊತ್ತಿಗೆ ಅವರನ್ನು ಅನುಯಾಯಿ ಅನ್ನಬಹುದಾ?

ವರದಾ ದಂಡೆ
ಅನ್ನಬಹುದು. 1942ರ ಆಗಸ್ಟಿನಲ್ಲಿ ‘ಮಾಡು ಇಲ್ಲವೇ ಮಡಿ’ ಅಂದವರು ಗಾಂಧೀಜಿಯೇ. ಅಷ್ಟು ಹೇಳಿದ ಕೂಡಲೇ ಅವರನ್ನೂ ಉಳಿದ ನಾಯಕರನ್ನೂ ಜೈಲಿಗೆ ಹಾಕಿದರು. ಮುಂದೆ ಏನು ಮಾಡಬೇಕು ಅಂತ ಹೇಳುವವರೇ ಇರಲಿಲ್ಲ. ಪ್ರತಿ ಊರಿನವರೂ ತಮ್ಮ ತಮ್ಮ ಬುದ್ಧಿಗೆ ತೋಚಿದ ಹಾಗೆ ಆ ಮಾತನ್ನು ನಡೆಸಿದರು. ಬ್ರಿಟಿಷರು ರೈತರಿಂದ ಕಿತ್ತ ಕಂದಾಯ ಅದು.

ಪ್ರೂಫ್ ಕಾಕಾ
ಇಲ್ಲಿ ಉಣಕಲ್ ಅವರ ಪ್ರಶ್ನೆ ತೂಕದ್ದು. ತಳ್ಳಿಹಾಕಬೇಡಿ. ಗುರು ಹೇಳಿದ ಪ್ರತಿ ಹೆಜ್ಜೆಯನ್ನೂ ಹಾಗೇ ಇಡಬೇಕು ಅಂದರೆ ಅದು ಹಿಂಬಾಲಕನ ಲಕ್ಷಣ. ಗುರು ಹೋದ ಊರಿಗೆ ತನ್ನ ಕಾಲಿನಿಂದ, ಒಮ್ಮೊಮ್ಮೆ ಬೇರೆ ದಾರಿಯಿಂದಲೂ ಹೋಗುವವನು ಅನುಯಾಯಿ. ನಾನು ಈ ಪದಕ್ಕೆ ಅಂಟಿಕೊಂಡಿರುವುದು ಅದಕ್ಕೇ.

ಕುಂದಗೋಳ ತಂಬೂರಿ
ಶರೀಫ ಸಾಹೇಬರೂ ಹಾಗೇ ಅಲ್ವಾ? ನಿಮ್ಮ ಹಾವೇರಿ ಜಿಲ್ಲೆಯ ಶಿಶುನಾಳದವರು. ಗುರು ಕಳಸದ ಗೋವಿಂದ ಭಟ್ಟರು ಬ್ರಾಹ್ಮಣರು, ಶಿಷ್ಯ ಮುಸಲ್ಮಾನರು. ಗುರುವಿನ ಹಾಗೆ ಶರೀಫರು ಭಟ್ಟರಾಗಲಿಲ್ಲ, ಹಾಡು ಕಟ್ಟಿದರು. ಯಾರೂ ಅವರನ್ನು ಹಿಂಬಾಲಕ ಅನ್ನಲ್ಲ.

ಉಣಕಲ್ ಕೆರೆ
ಅಚ್ಚಗನ್ನಡ ಪದ ಒಂದೂ ಇಲ್ಲವಾ ಇದಕ್ಕೆ? ಅನುಯಾಯಿ, ಶಿಷ್ಯ, ಭಕ್ತ, ಅಭಿಮಾನಿ, ಎಲ್ಲ ಸಂಸ್ಕೃತ. ನಮ್ಮ ಹಳ್ಳಿ ಮಂದಿ ಏನಂತಿದ್ದರು?

ನವಲಗುಂದ ಹೊಲ
ನಮ್ಮ ಕಡೆ "ಅವರ ಕಡೀ ಮಂದಿ" ಅಂತಾರೆ. "ಅಂವಾ ಗೌಡರ ಮಂದ್ಯಾಗಿನಾಂವ." ಬೈಬೇಕು ಅಂದ್ರೆ ಚೇಲಾ.

ಕನ್ನಡ ಸಾಲಿ ಮೇಡಂ
‘ಚೇಲಾ’ ನೋಡಿ ಎಂಥ ಅವಸ್ಥೆಗೆ ಬಂತು. ಹಿಂದಿಯಲ್ಲಿ ಗುರು-ಚೇಲಾ ಅಂದರೆ ಗುರು-ಶಿಷ್ಯರೇ. ಕನ್ನಡಕ್ಕೆ ಬಂದು ಬೈಗುಳವಾಯಿತು.

ಕನ್ನಡದ್ದೇ ಬೇಕು ಅಂದರೆ ‘ಬೆಂಬಲಿಗ’ ಇದೆ. ಬೆನ್ + ಬಲ, ಬೆನ್ನಿಗೆ ಬಲವಾಗಿ ನಿಂತವನು. ‘ಬೆಂಬತ್ತು’ ಕೂಡ ಬೆನ್ನಿನದೇ, ಬೆನ್ನು ಹತ್ತು. ಆದರೆ ಬೆಂಬಲಿಗ ನಿಂತವನು, ನಡೆದವನಲ್ಲ. ಚುನಾವಣೆಗೆ ಸರಿ.

ಗದಗ ಬೆಟಗೇರಿ
‘ಹಿಮ್ಮೇಳ’ ಮರೆತಿರಾ? ಗೀಗೀ ಪದದಲ್ಲಿ ಮುಂದಿನವರು ಒಂದು ಸಾಲು ಹಾಡಿ ಬಿಟ್ಟರೆ ಹಿಂದಿನವರು "ಗೀಯ ಗೀಯ" ಅಂತ ಎತ್ತಿಕೊಳ್ಳುತ್ತಾರೆ. ಮುಂದಿನವರು ಉಸಿರು ತಗೊಳ್ಳೋದು ಅಷ್ಟರೊಳಗೇ. ಹಿಮ್ಮೇಳ ಸಡಿಲಾದರೆ ಪದ ಬಿದ್ದುಹೋಗುತ್ತದೆ. ‘ಹಿಂ’ ಅಂತ ಶುರುವಾದರೂ ಅಲ್ಲಿ ಯಾರಿಗೂ ಅವಮಾನ ಅನಿಸುವುದಿಲ್ಲ.

ಉಣಕಲ್ ಕೆರೆ
ಹಿಮ್ಮೇಳ! ಇದು ಬಹಳ ಹಿಡಿಸಿತು.

ಸಪ್ತಾಪುರ ಓದುಗ
ನಮ್ಮ ವಯಸ್ಸಿನವರಿಗೆ ಫಾಲೋವರ್ಸ್ ಅಂದರೆ ಫೋನಿನಲ್ಲಿ ಇರೋರು. ಗುಂಡಿ ಒತ್ತಿದರೆ ಆಯ್ತು, ಬೇಡ ಅಂದರೆ ಮತ್ತೆ ಒತ್ತಿದರೆ ಬಿಟ್ಟಂತೆ. ಅಲ್ಲಿ ‘ಹಿಂಬಾಲಕರು’ ಅಂತ ಬರೆದರೂ ನಡೆಯುತ್ತೆ ಅನಿಸುತ್ತೆ. ‘ಅನುಯಾಯಿ’ ಅಲ್ಲಿ ಬೇಡವೇ ಬೇಡ.

ಪ್ರೂಫ್ ಕಾಕಾ
ಪೂರ್ತಿ ಒಪ್ಪುತ್ತೇನೆ. ಅಲ್ಲಿ ಫಾಲೋವರ್ಸ್ ಅಂತಲೇ ಕನ್ನಡದಲ್ಲಿ ಬರೆದರೂ ತಪ್ಪಿಲ್ಲ, ಜನ ಹಾಗೇ ಅನ್ನುತ್ತಾರೆ.

ಹಾವೇರಿ ಮೊಮ್ಮಗಳು
ಎಲ್ಲರಿಗೂ ಶರಣು. ಕಾಕಾಗೆ ಪೂರ್ತಿ ಓದಿ ಹೇಳಿದೆ. ಮೈಲಾರ ಮಹಾದೇವಪ್ಪನವರ ಭಾಗ ಎರಡು ಸಲ ಓದಿಸಿದರು. ಈಗ ವಾಕ್ಯ ಹೀಗೆ ಮಾಡಿದ್ದೇವೆ: "ಗಾಂಧೀಜಿಯವರ ಅನುಯಾಯಿಗಳಾಗಿದ್ದ ಅವರು ಕೊನೆಯವರೆಗೂ ತಾವೇ ನೂತ ನೂಲಿನ ಲಡಿ ಕೊಟ್ಟು ಬಟ್ಟೆ ತಂದು ಉಟ್ಟರು." ಒಬ್ಬರಿಗೇ ‘ಅನುಯಾಯಿಗಳು’ ಅಂತ ಬರಬಹುದಾ? ಅತ್ತೆಗೂ ಇದೇ ಪದ ಬಳಸಬೇಕು, ಅವರೂ ನೂಲುತ್ತಿದ್ದರು. ಹೆಂಗಸರಿಗೆ ಬೇರೆ ರೂಪ ಇದೆಯಾ?

ಕನ್ನಡ ಸಾಲಿ ಮೇಡಂ
‘ಅನುಯಾಯಿಯಾಗಿದ್ದ ಅವರು’ ಅಂತ ಬರೆಯಿರಿ. ಗೌರವ ‘ಅವರು’ ಅನ್ನೋದರಲ್ಲೇ ಬಂತು. ‘ಅನುಯಾಯಿಗಳಾಗಿದ್ದ’ ತಪ್ಪೇನಲ್ಲ, ಸ್ವಾಮಿಗಳು ಅಂದ ಹಾಗೆ, ಆದರೆ ಓದುವವರು ಹಲವರು ಅಂದುಕೊಳ್ಳಬಹುದು. ಹೆಂಗಸರಿಗೂ ‘ಅನುಯಾಯಿ’ಯೇ. ಸಂಸ್ಕೃತದಲ್ಲಿ ‘ಅನುಯಾಯಿನೀ’ ಇದೆ, ಕನ್ನಡದಲ್ಲಿ ಯಾರೂ ಬಳಸುವುದಿಲ್ಲ. ಬಹುವಚನಕ್ಕೆ ಮಾತ್ರ ‘ಅನುಯಾಯಿಯರು’ ಅಂತ ಹಾಕಬೇಡಿ, ‘ಅನುಯಾಯಿಗಳು’.

ಪ್ರೂಫ್ ಕಾಕಾ
‘ನೂತ’ ಸರಿಯಾಗಿದೆ, ಡಿಟಿಪಿಯವರು ‘ನೂಲಿದ’ ಅಂತ ತಿದ್ದಿದರೆ ಬಿಡಬೇಡಿ. ಪುಟ ಕಟ್ಟಿದ ಮೇಲೆ ಪಿಡಿಎಫ್ ಕಳಿಸಿ, ಒಮ್ಮೆ ಕಣ್ಣಾಡಿಸಿ ಕೊಡುತ್ತೇನೆ. ದುಡ್ಡು ಬೇಡ, ಒಂದು ಪ್ರತಿ ಕೊಡಿ.

ಗರಗದ ಹುಡುಗ
ನನಗೂ ಒಂದು. ನಮ್ಮ ನೇಕಾರರಿಗೆ ಓದಿ ಹೇಳುತ್ತೇನೆ. ಉಣಕಲ್ ಅಣ್ಣಾ, ಯಾವ ದಿನ ಬರುತ್ತೀರಿ ಅಂತ ಮೊದಲೇ ತಿಳಿಸಿ, ಧಾರವಾಡದ ಬಸ್ ಸ್ಟ್ಯಾಂಡಿಗೆ ನಾನೇ ಬರುತ್ತೇನೆ.